ಮೇಲಿನ ಎಡ ಮೂಲೆ

ಸೆಪ್ಟೆಂಬರ್ ೨, ಮಂಗಳವಾರ

ಈ ಡೈರಿ ಕಾರ್ಖಾನೆಯವರು ಜನವರಿಯಲ್ಲಿ ಕೊಟ್ಟದ್ದು. ಎಂಟು ತಿಂಗಳು ಫೋನಿನ ಕೆಳಗೆ ಬಿದ್ದಿತ್ತು. ಇವತ್ತು ಅಕ್ಕ ಎಳೆದು ಕೈಗೆ ಕೊಟ್ಟಳು. "ಅದೇ ಕಥೆ ನಾಲ್ಕನೇ ಸಲ ಹೇಳ್ತಿದ್ದೀಯ ಕಣೋ. ನನ್ನ ಕಿವಿ ಬಿಡು, ಇದ್ರಲ್ಲಿ ಬರ್ಕೋ." ಅಕ್ಕ ರೈಲು ನಿಲ್ದಾಣದಲ್ಲಿ ಗಾಡಿ ಬರುವ ಹೊತ್ತನ್ನು ಮೈಕಿನಲ್ಲಿ ಹೇಳುತ್ತಿದ್ದವಳು. ಒಂದೊಂದನ್ನೂ ಮೂರು ಮೂರು ಸಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಊಟಕ್ಕೆ ಕರೆದರೆ ಕೊನೆಯ ಪ್ಲಾಟ್‌ಫಾರಂವರೆಗೆ ಕೇಳಿಸಬೇಕು. ಅವಳಿಗೆ ನಾನು ನಾಲ್ಕು ಸಲ ಹೇಳಿದ್ದು ಜಾಸ್ತಿಯಂತೆ.

ಆದದ್ದು ಇಷ್ಟು. ನಾವು ಮಾಡಿಕೊಟ್ಟ ಹಾಳೆಗಳ ಮೇಲೆ ಲೈಬ್ರರಿಯಿಂದ ದೂರು ಬಂದಿದೆ. ಅವರ ಓದುವ ಕೋಣೆಯ ಗೋಡೆಗೆ ಹಳೇ ಕಾಲದ ಮರದ ಹಲಗೆ ಹೊದಿಸಿದ್ದರು. ನೀರಿನ ಪೈಪು ಒಡೆದು ಅಷ್ಟೂ ಹಾಳಾಗಿ, ಕೊನೆಗೆ ನೆಟ್ಟಗೆ ಉಳಿದದ್ದು ಗೇಣುದ್ದದ ಒಂದು ತುಂಡು. ಆ ಜಾತಿಯ ಮರ ಈಗ ಸಿಗುವುದಿಲ್ಲ. ನಾವು ಮರ ಮಾರುವವರಲ್ಲ, ಮರದ ಚಿತ್ರ ಅಚ್ಚಾದ ಲ್ಯಾಮಿನೇಟ್ ಹಾಳೆ ಮಾಡುವವರು. ಆ ಗೇಣುದ್ದದ ತುಂಡನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬೆಳೆಸಿ, ಎಂಟಡಿ ಅಗಲ ನಾಲ್ಕಡಿ ಎತ್ತರದ ಇಪ್ಪತ್ತಾರು ಹಾಳೆ ಮಾಡಿಕೊಟ್ಟೆವು. ಒಂದರ ಹಾಗೆ ಇನ್ನೊಂದಿಲ್ಲ. ಅಷ್ಟನ್ನೂ ನೋಡಿ ಸಹಿ ಹಾಕಿದವನು ನಾನು.

ಈಗ ಅವರ ತಕರಾರು, ಹನ್ನೊಂದು ಹಾಳೆಗಳಲ್ಲಿ ಮರದ ಒಂದೇ ಗಂಟು ಎರಡು ಸಲ ಅಕ್ಕಪಕ್ಕ ಬಂದಿದೆಯಂತೆ. ಅಲ್ಲಿ ದಿನಾ ಬಂದು ಕೂರುವ ಹಿರಿಯರೊಬ್ಬರು, ಗೋಡೆ ತಮ್ಮನ್ನು ದುರುಗುಟ್ಟಿ ನೋಡುತ್ತಿದೆ, ಓದಲು ಆಗುತ್ತಿಲ್ಲ ಎಂದು ಬರೆದುಕೊಟ್ಟಿದ್ದಾರೆ.

ಈ ಕೆಲಸದಲ್ಲಿ ನನಗೆ ಮೂವತ್ತೊಂದು ವರ್ಷ. ಎರಡು ಸಲ ಬಂದ ಗಂಟು, ಜೋಡಣೆಯ ಗೆರೆ, ಇವನ್ನು ಹಿಡಿಯುವುದಕ್ಕೇ ನನ್ನನ್ನು ಇಟ್ಟುಕೊಂಡಿರುವುದು. ಬೆನ್ನ ಹಿಂದೆ ಹದ್ದು ಎನ್ನುತ್ತಾರೆ, ಎದುರಿಗೆ ಹದ್ದು ಸಾರ್. ಹನ್ನೊಂದು ಹಾಳೆ ನನ್ನ ಕಣ್ಣು ತಪ್ಪಿಸಿಕೊಂಡು ಹೋದವೆಂದರೆ ಯಾರಾದರೂ ನಂಬುವ ಮಾತೇ?

ಸೆಪ್ಟೆಂಬರ್ ೩, ಬುಧವಾರ

ಮ್ಯಾನೇಜರ್ ಕೋಣೆಯಲ್ಲಿ ಸಭೆ. ಸಭೆಯೆಂದರೆ ಮ್ಯಾನೇಜರ್, ನಾನು, ಗಡಿಬಿಡಿ.

ಗಡಿಬಿಡಿ ಎಂದರೆ ಕಂಪ್ಯೂಟರ್ ಕೆಲಸದವಳು. ಮೂವತ್ತೆರಡೋ ಮೂವತ್ತಮೂರೋ. ಬೆಳಿಗ್ಗೆ ಓಡುತ್ತಾ ಬರುತ್ತಾಳೆ, ಐದೂವರೆಗೆ ಮಗಳನ್ನು ಶಿಶುವಿಹಾರದಿಂದ ಕರೆತರಲು ಓಡುತ್ತಾ ಹೋಗುತ್ತಾಳೆ, ನಡುವೆ ಏನಾದರೊಂದು ಕೆಳಗೆ ಬೀಳಿಸುತ್ತಾಳೆ. ಆ ಹೆಸರಿಟ್ಟವನು ನಾನೇ. ಅವಳದು ಗುತ್ತಿಗೆಯ ಕೆಲಸ. ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ. ಈ ಸಲ ಇದೇ ಮೂವತ್ತಕ್ಕೆ ಮುಗಿಯುತ್ತದೆ.

ಗಂಟು ಎರಡಾಗುವುದು ಹೇಗೆ ಎಂದು ಮ್ಯಾನೇಜರ್ ಕೇಳಿದರು. ಅವಳು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಜೋಡಿಸಿ ತೋರಿಸಿದಳು.

"ಪ್ರೋಗ್ರಾಂ ಇಡೀ ಹಾಳೆ ಅಂತ ಯೋಚ್ನೆ ಮಾಡಲ್ಲ ಸಾರ್. ಮಾದರಿಯಿಂದ ಒಂದು ಚೂರು ತಗೊಂಡು ಇಡುತ್ತೆ. ಅದ್ರ ಅಂಚಲ್ಲಿ ಗೆರೆ ಹೇಗಿದೆ ನೋಡುತ್ತೆ. ಅಂಥದೇ ಅಂಚಿರೋ ಇನ್ನೊಂದು ಚೂರು ಮಾದರಿಯಲ್ಲಿ ಎಲ್ಲಿದೆ ಅಂತ ಹುಡುಕಿ ತಂದು ಪಕ್ಕಕ್ಕಿಡುತ್ತೆ. ಎಲ್ಲಿ ಕತ್ತರಿಸಿದ್ರೆ ಗೊತ್ತಾಗಲ್ವೋ ಅಲ್ಲಿ ಕತ್ತರಿಸಿ ಸೇರಿಸುತ್ತೆ. ಹೀಗೇ ಮುಂದಕ್ಕೆ. ಅದಕ್ಕೆ ಗೊತ್ತಿರೋದು ಅಕ್ಕಪಕ್ಕದವರು ಮಾತ್ರ."

"ಗಂಟು?"

"ಮಾದರಿಯಲ್ಲಿ ಗಂಟು ಇರೋದು ಒಂದೇ. ಗೆರೆ ಸ್ವಲ್ಪ ಬಾಗ್ತು ಅಂದ್ರೆ, ಬಾಗಿದ ಗೆರೆ ಇರೋದು ಆ ಗಂಟಿನ ಸುತ್ತ ಮಾತ್ರ ತಾನೇ? ಮತ್ತೆ ಅದನ್ನೇ ತಂದಿಡುತ್ತೆ. ಒಂದ್ಸಲ ಬಂದಿದೆ, ಸಾಕು ಅನ್ನೋದು ಅದಕ್ಕೆ ತಿಳಿಯಲ್ಲ. ನಾನು ಆದಷ್ಟು ತೆಗೀತೀನಿ. ಸಣ್ಣ ಪರದೆ ಮೇಲೆ ಎಲ್ಲ ಕಾಣಲ್ಲ. ಅದಕ್ಕೇ ಅಲ್ವಾ ಹದ್ದು ಸಾರ್ ಇರೋದು?"

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನಿಮ್ಮ ಕಣ್ಣಿಂದ ಏನಾದ್ರೂ ತಪ್ಪಿ ಹೋಗಿರಬಹುದಾ?"

"ನನ್ನ ಕಣ್ಣಿಂದಲಾ?" ಎಂದೆ. ಕೇಳಿದ್ದಕ್ಕೆ ಅವರೇ ನಕ್ಕುಬಿಟ್ಟರು.

ನಾನು ನೋಡುವುದು ಕಾಗದದ ಮೇಲೆ ಅಚ್ಚು ಹಾಕಿ ನನ್ನ ಬೋರ್ಡಿಗೆ ತಗುಲಿಸಿದ ಪೂರ್ತಿ ಅಳತೆಯ ಪ್ರತಿ. ಸಹಿಯಾದ ಮೇಲೆ ಪ್ರತಿಯನ್ನು ಅವತ್ತೇ ಹರಿದು ರದ್ದಿಗೆ ಹಾಕುತ್ತೇವೆ. ಫೈಲು ಗಡಿಬಿಡಿಯ ಕೈಯಿಂದ ಅಚ್ಚಿಗೆ ಹೋಗುತ್ತದೆ. ಅದನ್ನೇ ಹೇಳಿದೆ. "ನಾನು ಸಹಿ ಹಾಕಿದಾಗ ಸರಿಯಿತ್ತು. ಆಮೇಲೆ ಫೈಲಿಗೆ ಯಾರು ಕೈ ಹಾಕಿದ್ರೋ ನಂಗೆ ಗೊತ್ತಿಲ್ಲ."

"ಅಂದ್ರೆ ನಾನು ಅಂತಾನಾ?" ಎಂದಳು ಅವಳು. "ಸಾರ್, ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ."

ಮೂವತ್ತರೊಳಗೆ ವಿಚಾರಣೆ ಮುಗಿಸುತ್ತಾರಂತೆ. ಅವಳ ಗುತ್ತಿಗೆ ಪತ್ರ ಅಲ್ಲಿಯವರೆಗೆ ಮ್ಯಾನೇಜರ್ ಡ್ರಾಯರಿನಲ್ಲಿ. ಬಿಸ್ಕತ್ತು ಮೇಜಿನ ಮೇಲೇ ಉಳಿಯಿತು. ನಾನು ಎರಡು ತಿಂದೆ.

ಸೆಪ್ಟೆಂಬರ್ ೫, ಶುಕ್ರವಾರ

ಲೈಬ್ರರಿಗೆ ಹೋಗಿ ನೋಡಿದೆ. ನಿಜ. ಹನ್ನೊಂದು ಹಾಳೆಯಲ್ಲೂ ಜೋಡಿ ಗಂಟು. ಕೋಣೆಯಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ಹನ್ನೊಂದೂ ಸಿಕ್ಕಿದವು. ಹೊಸಬನೂ ಹಿಡಿಯುವಂಥ ತಪ್ಪು. ಇದು ನನ್ನ ಬೋರ್ಡಿನ ಮೇಲೆ ಇದ್ದಿದ್ದರೆ ಬಿಡುತ್ತಿದ್ದೆನೇ? ಅಲ್ಲಿಗೆ ನನ್ನ ಮಾತೇ ಖಾತ್ರಿಯಾಯಿತು. ಆಮೇಲೆ ಸೇರಿಕೊಂಡದ್ದು.

ದೂರು ಕೊಟ್ಟ ಹಿರಿಯರು ಅಲ್ಲೇ ಇದ್ದರು. "ನೋಡಿ ಸ್ವಾಮಿ, ಸ್ಕೂಲಲ್ಲಿ ಹೆಡ್‌ಮಾಸ್ಟರು ಹಿಂಗೇ ನೋಡ್ತಿದ್ರು," ಎಂದರು. ಕುರ್ಚಿ ತಿರುಗಿಸಿಕೊಂಡು ಕೂರಬಹುದಲ್ಲ ಎಂದೆ. ಆ ಕಡೆ ಬೆಳಕು ಬರಲ್ಲವಂತೆ.

ಮ್ಯಾನೇಜರ್‌ಗೆ ಹೋಗಿ ಹೇಳಿದೆ. ಎಲ್ಲ ಹಾಳೆಯಲ್ಲೂ ತಪ್ಪು ಒಂದೇ ಕಡೆ, ಮೇಲಿನ ಎಡ ಮೂಲೆಯಲ್ಲಿ. ಮನುಷ್ಯನ ಕಣ್ಣು ತಪ್ಪಿದರೆ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ, ಹೀಗೆ ಸಾಲು ಹಿಡಿದು ಅಲ್ಲ. ಇದು ಫೈಲಿನದೇ ತೊಂದರೆ. ಅವರು ಬರೆದುಕೊಂಡರು.

ಸೆಪ್ಟೆಂಬರ್ ೮, ಸೋಮವಾರ

ವಿಶೇಷವಿಲ್ಲ. ಈ ಡೈರಿಯ ಕಾಗದ ಕಳಪೆ. ಮೇಲಿನ ಸಾಲುಗಳ ಗೆರೆ ಅಲ್ಲಲ್ಲಿ ಸರಿಯಾಗಿ ಅಚ್ಚಾಗಿಲ್ಲ. ಪುಕ್ಕಟೆ ಕೊಟ್ಟದ್ದಲ್ಲವೇ. ಬರೆದದ್ದೆಲ್ಲ ಬೆಟ್ಟ ಹತ್ತುತ್ತಿದೆ ಎಂದು ಅಕ್ಕ ನಗುತ್ತಾಳೆ.

ಅಡುಗೆಮನೆಯ ಕಪಾಟಿನ ಬಾಗಿಲು ತೆರೆದಿಟ್ಟು ಹೋಗಬೇಡ ಎಂದು ಅವಳಿಗೆ ಎಷ್ಟು ಸಲ ಹೇಳುವುದು? ಹಣೆ ಊದಿಕೊಂಡಿದೆ.

ಸೆಪ್ಟೆಂಬರ್ ೧೧, ಗುರುವಾರ

ಗಡಿಬಿಡಿ ಇವತ್ತು ನನ್ನ ಮೇಜಿಗೆ ಬಂದಳು. ಮೂರನೇ ತಾರೀಖಿನಿಂದ ಮಾತಿರಲಿಲ್ಲ. "ಸಾರ್, ನೀವು ಹೇಗೆ ನೋಡ್ತೀರಾ ಅಂತ ತೋರಿಸ್ತೀರಾ?"

ನಾನು ಯಾರಿಗೂ ಮುಚ್ಚಿಟ್ಟಿಲ್ಲ. ತೋರಿಸಿದೆ. ಬೋರ್ಡಿನ ನಡುವೆ ಒಂದು ಹಿತ್ತಾಳೆಯ ಮೊಳೆ ಇದೆ. ಬೋರ್ಡಿನಿಂದ ಹತ್ತಡಿ ದೂರಕ್ಕೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ಎರಡು ಪಾದದ ಗುರುತು. ಅಲ್ಲಿ ನಿಲ್ಲಬೇಕು. ಎಡಗಣ್ಣು ಮುಚ್ಚಬೇಕು. ಬಲಗಣ್ಣಿನಿಂದ ಮೊಳೆಯನ್ನು ನೋಡುತ್ತಾ ನೂರು ಎಣಿಸಬೇಕು. ಕಣ್ಣು ಅಲ್ಲಾಡಿಸಬಾರದು. ನನಗೆ ಕಲಿಸಿದ ಮುದುಕ, ಕಂಪ್ಯೂಟರ್ ಬರುವ ಮೊದಲು ಮರದ ಫೋಟೋಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುತ್ತಿದ್ದವನು, ಹೇಳುತ್ತಿದ್ದ: ಹುಡುಕೋಕೆ ಹೋದ್ರೆ ಸಿಗೋದು ಹುಡುಕಿದ್ದು ಮಾತ್ರ. ಸುಮ್ನೆ ನಿಂತ್ಕೋ, ತಪ್ಪೇ ಎದ್ದು ಬರುತ್ತೆ. ಎದ್ದು ಬರುತ್ತದೆ, ಸುಳ್ಳಲ್ಲ. ಒಂದು ಕಣ್ಣಿನಲ್ಲಿ ಎಲ್ಲ ಚಪ್ಪಟೆಯಾಗಿ, ಎರಡು ಸಲ ಬಂದ ಗಂಟು ಮುಖಕ್ಕೆ ಹೊಡೆದಂತೆ ಕಾಣುತ್ತದೆ. ಆಮೇಲೆ ಅದು ಮೇಲಿನಿಂದ ಎಷ್ಟು, ಎಡದಿಂದ ಎಷ್ಟು ಎಂದು ಅಳೆದು ವಾಪಸಾತಿ ಪುಸ್ತಕದಲ್ಲಿ ಬರೆದು ಹಾಳೆ ಹಿಂದಕ್ಕೆ ಕಳಿಸುತ್ತೇನೆ.

ಅವಳೂ ನಿಂತು ನೋಡಿದಳು. ಇಪ್ಪತ್ತಕ್ಕೇ ಕಣ್ಣಲ್ಲಿ ನೀರು. "ಯಪ್ಪಾ, ನೀವು ಮನುಷ್ಯರಲ್ಲ ಬಿಡಿ," ಎಂದಳು. ಆಮೇಲೆ ಕೇಳಿದಳು: "ಪ್ರೋಗ್ರಾಂ ಪ್ರತಿ ಸಲ ಬೇರೆ ಬೇರೆ ಜಾಗದಿಂದ ಶುರು ಮಾಡುತ್ತೆ ಸಾರ್. ಅದಕ್ಕೆ ಮೇಲೆ ಕೆಳಗೆ ಅನ್ನೋದೇ ಇಲ್ಲ. ತಪ್ಪೆಲ್ಲ ಮೇಲಿನ ಎಡಗಡೆನೇ ಯಾಕೆ?"

"ನಿನ್ನ ಯಂತ್ರ. ನೀನೇ ಹೇಳಬೇಕು," ಎಂದೆ. ವಾಪಸಾತಿ ಪುಸ್ತಕ ಎರಡು ದಿನಕ್ಕೆ ಬೇಕೆಂದಳು. ತೆಗೆದುಕೊಂಡು ಹೋಗು ಎಂದೆ. ಹೋಗುವಾಗ ಬಾಗಿಲಲ್ಲಿ ಬೀಳಿಸಿದಳು.

ಸೆಪ್ಟೆಂಬರ್ ೧೫, ಸೋಮವಾರ

ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಪುಸ್ತಕ ವಾಪಸು ತಂದಳು. ಜೊತೆಗೆ ಒಂದು ದೊಡ್ಡ ಬಿಳಿ ಹಾಳೆ.

ಎರಡು ವರ್ಷದಲ್ಲಿ ನಾನು ಹಿಡಿದ ತಪ್ಪುಗಳನ್ನೆಲ್ಲ ಅದರ ಮೇಲೆ ಹಾಕಿದ್ದಾಳೆ. ಒಂದೊಂದು ತಪ್ಪಿಗೆ ಒಂದೊಂದು ಚುಕ್ಕೆ, ಪುಸ್ತಕದಲ್ಲಿ ನಾನು ಬರೆದ ಅಳತೆಯ ಪ್ರಕಾರ. ಮೊದಲಿನದು ನೀಲಿ. ಈ ಜನವರಿಯಿಂದ ಈಚಿನದು ಕೆಂಪು. ನೀಲಿ ಚುಕ್ಕೆ ಹಾಳೆಯ ತುಂಬ ಇವೆ. ಕೆಂಪು ಚುಕ್ಕೆಯೂ ಎಲ್ಲ ಕಡೆ ಇವೆ, ಇನ್ನೂರ ಹದಿನೇಳು. ಮೇಲಿನ ಎಡಗಡೆ ಮಾತ್ರ ಒಂದೂ ಇಲ್ಲ. ಅಲ್ಲಿ ತಟ್ಟೆಯಷ್ಟು ದೊಡ್ಡ ಜಾಗ ಬರಿದೋ ಬರಿದು.

"ಏನಿದು?" ಎಂದೆ.

"ಎಂಟು ತಿಂಗಳಿಂದ ಆ ಜಾಗದಲ್ಲಿ ನೀವು ಒಂದು ತಪ್ಪೂ ಹಿಡಿದಿಲ್ಲ ಸಾರ್."

"ಅಲ್ಲಿ ತಪ್ಪು ಬಂದಿಲ್ಲ ಅಂತ."

"ಲೈಬ್ರರಿಯಲ್ಲಿ ಹನ್ನೊಂದು ಇವೆ." ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. "ಬೇರೆ ಜಾಗದ್ದನ್ನೆಲ್ಲ ನೀವು ಹಿಡಿದು ವಾಪಸ್ ಕಳಿಸಿದ್ರಿ. ಅಲ್ಲಿದ್ದದ್ದು ಮಾತ್ರ ಹೊರಗೆ ಹೋಯ್ತು. ಅದಕ್ಕೇ ತಪ್ಪೆಲ್ಲ ಒಂದೇ ಕಡೆ ಇರೋದು."

ನಾನು ವಾಪಸಾತಿ ಪುಸ್ತಕವನ್ನು ಡ್ರಾಯರಿಗೆ ಹಾಕಿದೆ.

"ಮ್ಯಾನೇಜರ್‌ಗೆ ತೋರಿಸಿಲ್ಲ ಸಾರ್. ಮೊದ್ಲು ನಿಮ್ಗೆ ತೋರಿಸ್ಬೇಕು ಅನ್ನಿಸ್ತು." ಹಾಳೆಯನ್ನು ಸುತ್ತಿ ನನ್ನ ಮೇಜಿನ ಮೇಲಿಟ್ಟು ಹೋದಳು. ಏನೂ ಬೀಳಿಸಲಿಲ್ಲ.

ಏನೋ ಆಟ ಆಡುತ್ತಿದ್ದಾಳೆ. ಚುಕ್ಕೆ ಹಾಕಿ ಕಣ್ಣಿಗೆ ಮಣ್ಣೆರಚುವುದು.

ಸೆಪ್ಟೆಂಬರ್ ೧೬, ಮಂಗಳವಾರ

ಕೆಲಸಕ್ಕೆ ಹೋದೆ. ಬಂದೆ.

ಸೆಪ್ಟೆಂಬರ್ ೧೮, ಗುರುವಾರ

ಅಕ್ಕ ತರಕಾರಿಗೆ ಹೋಗಿದ್ದಳು. ಹಾಲ್‌ನ ಈ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಎದುರಿನ ಗೋಡೆಯಲ್ಲಿ ಸ್ವಿಚ್ ಬೋರ್ಡು. ಅದರ ಮೇಲೆ, ಎಡಕ್ಕೆ, ಅಕ್ಕನ ಗಡಿಯಾರ. ಅವಳು ನಿವೃತ್ತಿಯಾದಾಗ ಕೊಟ್ಟದ್ದು. ನಿಲ್ದಾಣದ ಗಡಿಯಾರದ ಹಾಗೆಯೇ ದೊಡ್ಡದು, ಕಪ್ಪು ಅಂಚು. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಸ್ವಿಚ್ಚನ್ನು ನೋಡಿದೆ.

ಗಡಿಯಾರ ಇಲ್ಲ.

ಕಪ್ಪಾಗಿ ಕಂಡಿದ್ದರೆ, ಮಂಜಾಗಿದ್ದರೆ, ತೂತು ಕಂಡಿದ್ದರೆ ಒಂದು ಮಾತು. ಅಲ್ಲಿ ಗೋಡೆ ಇತ್ತು. ಅದೇ ಮಾಸಲು ಕೆನೆ ಬಣ್ಣ, ಬ್ರಷ್ಷಿನ ಅದೇ ಸಣ್ಣ ಗೆರೆ. ಎಡಗಣ್ಣು ಬಿಟ್ಟರೆ ಗಡಿಯಾರ, ಮುಚ್ಚಿದರೆ ಗೋಡೆ. ಎಂಟು ಹತ್ತು ಸಲ ಮಾಡಿದೆ.

ಒಂದು ಮಾತು ಬರೆದಿಡಬೇಕು. ಕೆಲಸ ಅಚ್ಚುಕಟ್ಟಾಗಿತ್ತು. ಸುತ್ತಲಿನ ಗೋಡೆಯಿಂದ ಚೂರು ಚೂರು ತಂದು ಗಡಿಯಾರದ ಜಾಗ ತುಂಬಿದ್ದರೂ ಎಲ್ಲಿ ಶುರು, ಎಲ್ಲಿ ಮುಗಿದದ್ದು ಒಂದೂ ತಿಳಿಯಲಿಲ್ಲ. ಜೋಡಣೆಯ ಗೆರೆ ಹುಡುಕಿದೆ. ಸಿಗಲಿಲ್ಲ. ನನ್ನ ಬೋರ್ಡಿಗೆ ಇಂಥ ಹಾಳೆ ಬಂದಿದ್ದರೆ ನೂರು ಎಣಿಸದೆ ಸಹಿ ಹಾಕುತ್ತಿದ್ದೆ.

ಹಾಕಿದ್ದೇನೆ ಕೂಡ.

ಅಕ್ಕ ಯಾವಾಗ ಬಂದಳೋ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನೋ ಅದು, ಗೋಡೆಗೆ ಕಣ್ಣು ಹೊಡೀತಿದ್ದೀಯ?" ಎಂದಳು. ನಾನು ಮತ್ತೆ ಎಡಗಣ್ಣು ಮುಚ್ಚಿದೆ. ಚೀಲ ಕೆಳಗಿಟ್ಟಳು. "ಏನಾಯ್ತೋ?" ಇದನ್ನು ಮೆಲ್ಲಗೆ ಕೇಳಿದಳು. ಅಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಕಣ್ಣಿನ ಡಾಕ್ಟರ್ ಹತ್ತಿರ ಹೋಗಿದ್ದೆವು. ಗದ್ದವನ್ನು ದೊಡ್ಡ ಬಟ್ಟಲಿನಂಥ ಯಂತ್ರದ ಮುಂದೆ ಇಡಿಸಿದರು, ಒಂದು ಕಣ್ಣು ಮುಚ್ಚಿಸಿದರು, ನಡುವಿನ ಚುಕ್ಕೆ ನೋಡ್ತಾ ಇರಿ, ಬೆಳಕು ಕಂಡಾಗ ಗುಂಡಿ ಒತ್ತಿ ಎಂದರು. ಕಣ್ಣು ಅಲ್ಲಾಡಿಸದೆ ನೋಡುವುದು ನನಗೆ ಹೊಸದೇ? ನಡುವೆ ಬಹಳ ಹೊತ್ತು ಬೆಳಕೇ ಬರಲಿಲ್ಲ. ಯಂತ್ರ ಕೆಟ್ಟಿದೆಯೇನೋ ಎಂದೆ. ಅಲ್ಲಿದ್ದ ಹೆಂಗಸು, "ಇಲ್ಲ ಸಾರ್, ಬರ್ತಾ ಇದೆ," ಎಂದಳು.

ಗ್ಲಾಕೋಮಾ ಅಂತೆ. ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ. ಬಲಗಣ್ಣಿನಲ್ಲಿ ಜಾಸ್ತಿ, ಎಡಗಣ್ಣಿನಲ್ಲಿ ಈಗ ಶುರು.

"ಕಾಣದ ಜಾಗ ಕಪ್ಪಾಗಿ ಯಾಕೆ ಕಾಣಲ್ಲ?" ಎಂದು ಕೇಳಿದೆ.

"ಮಿದುಳು ಸುತ್ತಮುತ್ತ ಇರೋದನ್ನೇ ತಂದು ತುಂಬಿಬಿಡುತ್ತೆ," ಎಂದರು ಡಾಕ್ಟರ್. "ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ದಿನಾ ಡ್ರಾಪ್ಸ್ ಬಿಡಬೇಕು, ತಪ್ಪಿಸ್ಬಾರದು. ನಿಮ್ಮ ಕೆಲಸ ಏನು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, "ನೋಡೋದು." ಪಕ್ಕದ ಕೋಣೆಯವರೂ ತಿರುಗಿ ನೋಡಿದರು.

ಸೆಪ್ಟೆಂಬರ್ ೨೧, ಭಾನುವಾರ

ಡಾಕ್ಟರ್ ಒಂದು ಕಾಗದ ಕೊಟ್ಟಿದ್ದಾರೆ. ಬಲಗಣ್ಣಿಗೆ ಎಲ್ಲಿ ಕಾಣುತ್ತದೆ, ಎಲ್ಲಿ ಇಲ್ಲ ಎಂಬ ನಕ್ಷೆ. ಮೇಲೆ ಎಡಗಡೆ ಒಂದು ಕಪ್ಪು ಮಚ್ಚೆ, ಹುರುಳಿಕಾಯಿಯ ಹಾಗೆ ಸ್ವಲ್ಪ ಬಾಗಿದ್ದು. ಗಡಿಬಿಡಿಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದೆ. ಅವಳ ಬರಿ ಜಾಗವೂ ಹಾಗೆಯೇ ಬಾಗಿದೆ. ಮೊದಲ ದಿನ ಅದನ್ನು ಗಮನಿಸಿರಲಿಲ್ಲ.

ಡಾಕ್ಟರ್ ಯಂತ್ರ ಅರ್ಧ ಗಂಟೆಯಲ್ಲಿ ಬರೆದ ನಕ್ಷೆಯನ್ನು ನಾನು ಎಂಟು ತಿಂಗಳು ಕೂತು, ಇನ್ನೂರ ಹದಿನೇಳು ತಪ್ಪು ಹಿಡಿದು, ಕೈಯಾರೆ ಬರೆದಿದ್ದೇನೆ.

ಡೈರಿಯ ಗೆರೆ ಸರಿಯಾಗಿಯೇ ಅಚ್ಚಾಗಿವೆ. ಅಕ್ಕನಿಗೆ ತೋರಿಸಿ ಕೇಳಿದೆ.

ಸೆಪ್ಟೆಂಬರ್ ೨೪, ಬುಧವಾರ

ಡ್ರಾಪ್ಸ್ ಬಿಡುವುದು ಅಕ್ಕ. ಹೊತ್ತಿಗೆ ಸರಿಯಾಗಿ ಕೂಗುತ್ತಾಳೆ, ನಾನೇ ತಡವಾಗಿ ಬಂದ ಗಾಡಿ ಎಂಬಂತೆ.

ಸಮಾಧಾನವಾಗಿ ಯೋಚಿಸಿದೆ. ನನಗೆ ಇನ್ನು ಐದು ವರ್ಷ ಸರ್ವಿಸ್ ಇದೆ. ಇನ್ನು ಮೇಲೆ ಎರಡೂ ಕಣ್ಣು ಬಿಟ್ಟು, ಹತ್ತಿರ ಹೋಗಿ, ನಿಧಾನವಾಗಿ ನೋಡಿದರೆ ಕೆಲಸ ನಡೆಯುತ್ತದೆ. ಯಾರಿಗೂ ತಿಳಿಯಬೇಕಾಗಿಲ್ಲ. ಗಡಿಬಿಡಿಗೆ ವಯಸ್ಸಿದೆ, ಕಂಪ್ಯೂಟರ್ ಬರುತ್ತದೆ, ಬೇರೆ ಕಡೆ ಕೆಲಸ ಸಿಗುತ್ತದೆ. ನನ್ನ ಕಣ್ಣು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ? ಆ ಹೆಸರು ಹೋದರೆ ಕಾರ್ಖಾನೆಯಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ? ಮೂವತ್ತೊಂದು ವರ್ಷದಿಂದ ನನ್ನ ನಿಜವಾದ ಹೆಸರು ಅಲ್ಲಿ ಯಾರೂ ಹೇಳಿಲ್ಲ.

ಇದನ್ನೆಲ್ಲ ಅಕ್ಕನಿಗೂ ಹೇಳಿದೆ. ಅವಳು ಪೂರ್ತಿ ಕೇಳಿ, "ಆ ಹುಡುಗಿ ಮಗೂಗೆ ಎಷ್ಟು ವರ್ಷ?" ಎಂದಳು. ನಾಲ್ಕು ಎಂದೆ. "ಹ್ಞೂ," ಎಂದು ಎದ್ದುಹೋದಳು. ಒಂದು ಸಲ "ಹ್ಞೂ", ಅಷ್ಟೇ.

ಸೆಪ್ಟೆಂಬರ್ ೨೬, ಶುಕ್ರವಾರ

ಊಟದ ಹೊತ್ತಿಗೆ ಗಡಿಬಿಡಿಯನ್ನು ಕರೆದೆ. ಯಾಕೆ ಕರೆದೆನೋ ಗೊತ್ತಿಲ್ಲ. ಕಾಣದ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಬೋರ್ಡಿನ ಮೇಲೆಯೇ ಗುರುತು ಹಾಕಿಸಿ ನೋಡೋಣ ಎನ್ನಿಸಿತ್ತು. ಅವಳ ಕಾಗದ ಸರಿಯೋ ತಪ್ಪೋ ನೋಡ್ಬೇಕು ಅಂತ ಹೇಳಿದೆ. ಕಣ್ಣಿನ ವಿಷಯ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಲೈಬ್ರರಿಯ ಒಂದು ಹಾಳೆಯ ಪ್ರತಿಯನ್ನು ಮತ್ತೆ ಅಚ್ಚು ಹಾಕಿಸಿ ಬೋರ್ಡಿಗೆ ಹಾಕಿದ್ದೆ. ಹಳದಿ ಪಾದಗಳ ಮೇಲೆ ನಿಂತೆ. ಎಡಗಣ್ಣು ಮುಚ್ಚಿ ಮೊಳೆ ನೋಡಿದೆ. ಅವಳು ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಾಳೆಯ ಮೇಲೆ ಬೆರಳು ಸರಿಸುತ್ತಾ ಹೋದಳು.

"ಈಗ ಕಾಣ್ತಾ?"

"ಕಾಣ್ತಿದೆ."

"ಈಗ?"

"ಕಾಣ್ತಿದೆ. ನಿಲ್ಲು. ಈಗ ಇಲ್ಲ."

ಗುರುತು ಹಾಕಿದಳು. ಮೇಲಿನ ಅಂಚು ಅವಳಿಗೆ ಎಟುಕಲಿಲ್ಲ. ಸ್ಟೂಲ್ ತಂದು ಹತ್ತಿದಳು. ನಾನು ಮೊಳೆಯಿಂದ ಕಣ್ಣು ತೆಗೆದಿರಲಿಲ್ಲ. ಸ್ಟೂಲ್ ಎಳೆದ ಸದ್ದು ಕೇಳಿಸಿತು, ಅವಳ ಚಪ್ಪಲಿ ಕಂಡಿತು, ಸೀರೆಯ ನೆರಿಗೆ, ಸೊಂಟದ ಮೇಲಿಟ್ಟ ಕೈ ಕಂಡಿತು. ಅದರ ಮೇಲೆ ಮರ. ಕಂದು ಮರ, ನೆಟ್ಟಗಿನ ಗೆರೆ, ಗಂಟಿಲ್ಲ, ಜೋಡಣೆಯಿಲ್ಲ.

"ಸಾರ್, ಈಗ ಏನ್ ಕಾಣ್ತಿದೆ?" ಎಂದು ಮರ ಕೇಳಿತು.

ಮೂರನೇ ತಾರೀಖಿನ ಸಭೆ ನೆನಪಾಯಿತು. ಅವತ್ತೂ ಅವಳು ಎದುರಿಗೇ ಕೂತಿದ್ದಳು. ಮಾತಾಡುತ್ತಿದ್ದಳು. ನಾನು ಅವಳ ಜಾಗಕ್ಕೆ ನನಗೆ ಹೊಂದುವುದನ್ನು ತಂದಿಟ್ಟು, ಸಹಿ ಹಾಕಿ, ಬಿಸ್ಕತ್ತು ತಿಂದು ಬಂದಿದ್ದೆ. ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಕಿವಿ ಬಿಸಿಯಾಗುವಷ್ಟು ನಾಚಿಕೆ.

"ಸಾರ್?"

"ನೀನು ಕಾಣ್ತಿಲ್ಲಮ್ಮ," ಎಂದೆ. "ನಂಗೆ ಅಲ್ಲಿ ಏನೂ ಕಾಣಲ್ಲ. ಜನವರಿಯಿಂದ."

ಎಡಗಣ್ಣು ಬಿಟ್ಟೆ. ಅವಳು ಅಲ್ಲೇ ಇದ್ದಳು. ಕೆನ್ನೆ ಮೇಲೆ ಸೀಮೆಸುಣ್ಣ ಮೆತ್ತಿಕೊಂಡಿತ್ತು. ಅವಳ ಕಣ್ಣಿನಲ್ಲಿ ನೀರಿತ್ತು, ಈ ಸಲ ಮೊಳೆ ನೋಡಿ ಬಂದದ್ದಲ್ಲ. "ಡಾಕ್ಟರ್ ಹತ್ರ ಹೋದ್ರಾ?" ಎಂದು ಕೇಳಿದಳು. ತನ್ನ ಕೆಲಸದ ಮಾತು ಎತ್ತಲೇ ಇಲ್ಲ.

ಸೆಪ್ಟೆಂಬರ್ ೨೯, ಸೋಮವಾರ

ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋಗಿ ಎರಡು ಕಾಗದವನ್ನೂ ಮುಂದಿಟ್ಟೆ, ಡಾಕ್ಟರದು ಮತ್ತು ಗಡಿಬಿಡಿಯದು. ವಿವರಿಸಲು ಐದು ನಿಮಿಷವೂ ಬೇಕಾಗಲಿಲ್ಲ.

"ಅಂದ್ರೆ ಆಕೆ ಫೈಲು ಮುಟ್ಟಿಲ್ಲ?"

"ಮುಟ್ಟಿಲ್ಲ. ತಪ್ಪು ನನ್ನ ಮುಂದೆಯೇ ಇತ್ತು."

"ಮತ್ತೆ ಒಂದು ತಿಂಗಳಿಂದ ನೀವು ಮಾಡ್ತಿದ್ದದ್ದೇನು?"

"ಗೂಬೆ ಕೂರಿಸ್ತಿದ್ದೆ," ಎಂದೆ. ಅವರು ನಗಲಿಲ್ಲ.

ಸಿಟ್ಟು ಬಂದಿತ್ತು ಅವರಿಗೆ, ಬರಬೇಕಾದದ್ದೇ. ಜನವರಿಯಿಂದ ಹೋದ ಹಾಳೆಗಳನ್ನೆಲ್ಲ ಹೋಗಿ ನೋಡಬೇಕಾಗುತ್ತದೆ ಎಂದರು. ನಾನೂ ಬರುತ್ತೇನೆ ಎಂದೆ. "ನೀವು ಬಂದು ಏನು ನೋಡ್ತೀರಾ?" ಎಂದುಬಿಟ್ಟು, ಆಮೇಲೆ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಬೇಜಾರಾಯಿತು, ಸುಳ್ಳು ಯಾಕೆ ಬರೆಯಲಿ. ಡ್ರಾಯರಿನಿಂದ ಗುತ್ತಿಗೆ ಪತ್ರ ತೆಗೆದು ನನ್ನ ಎದುರಿಗೇ ಸಹಿ ಮಾಡಿದರು.

ಬೋರ್ಡು ಇನ್ನು ಅವಳದು. ನನ್ನನ್ನು ಮಾದರಿ ಉಗ್ರಾಣಕ್ಕೆ ಹಾಕಿದ್ದಾರೆ. ಅಲ್ಲಿ ನಾಲ್ಕು ಸಾವಿರ ಮರದ ತುಂಡುಗಳಿವೆ. ಅರ್ಧಕ್ಕರ್ಧ ನನಗೆ ಕೈಯಲ್ಲಿ ಮುಟ್ಟಿದರೇ ಗೊತ್ತಾಗುತ್ತವೆ.

ಅಕ್ಕ ಬಸ್ ನಿಲ್ದಾಣಕ್ಕೆ ಬಂದು ನಿಂತಿದ್ದಳು. ಎಂದೂ ಬರುವವಳಲ್ಲ. ನನ್ನ ಎಡಗಡೆ ನಡೆಯುತ್ತಾ ಬಂದಳು.

ಅಕ್ಟೋಬರ್ ೯, ಗುರುವಾರ

ಲೈಬ್ರರಿಯ ಹನ್ನೊಂದು ಹಾಳೆ ಹೊಸದಾಗಿ ತಯಾರಾಗುತ್ತಿವೆ. ಇವತ್ತು ಉಗ್ರಾಣದಲ್ಲಿದ್ದಾಗ ಬೋರ್ಡಿನ ಕಡೆಯಿಂದ ಕೂಗು. "ಸಾರ್, ಒಂದ್ನಿಮಿಷ ಬನ್ನಿ!" ಎಲ್ಲರೂ ಈಗ ಬರೀ ಸಾರ್ ಎನ್ನುತ್ತಾರೆ. ಪ್ರೆಸ್ಸಿನ ಮೇಸ್ತ್ರಿ ಒಬ್ಬ ಮಾತ್ರ ಮರೆತು ಹಳೇ ಹೆಸರಿನಲ್ಲಿ ಕರೆದು ನಾಲಿಗೆ ಕಚ್ಚಿಕೊಂಡ. ಕರೀಲಿ ಬಿಡಯ್ಯಾ ಎಂದೆ.

ಅವಳು ಹಳದಿ ಪಾದಗಳ ಮೇಲೆ ನಿಲ್ಲುವುದಿಲ್ಲ. ಎರಡು ಕಣ್ಣೂ ಬಿಟ್ಟು, ಒಂದು ಕೈಯಲ್ಲಿ ಟೀ ಹಿಡಿದು, ಬೋರ್ಡಿನ ಮುಂದೆ ಆ ಕಡೆ ಈ ಕಡೆ ಓಡಾಡುತ್ತಾ ನೋಡುತ್ತಾಳೆ. ನೋಡಿದರೆ ಮೈ ಉರಿಯುತ್ತದೆ. ನನಗೆ ಕಲಿಸಿದ ಮುದುಕ ಇದ್ದಿದ್ದರೆ ಓಡಿಸುತ್ತಿದ್ದ.

"ಇಲ್ಲಿ ನೋಡಿ. ಸಣ್ಣ ಗಂಟು. ಇಲ್ಲಿ ಮತ್ತೆ ಅದೇ. ಹೌದಲ್ವಾ?"

ಅವಳು ಬೆರಳಿಟ್ಟ ಜಾಗಕ್ಕೆ ಮುಖ ತಿರುಗಿಸಿ, ಹತ್ತಿರ ಹೋಗಿ ನೋಡಿದೆ. ಹೌದು. ಕಾಳಿನಷ್ಟು ಗಂಟು. ಎರಡನೆಯದನ್ನು ಪ್ರೋಗ್ರಾಂ ಸ್ವಲ್ಪ ಓರೆ ಮಾಡಿ ಇಟ್ಟಿತ್ತು, ಕಳ್ಳ. ಒಳ್ಳೆಯ ದಿನಗಳಲ್ಲಿ ನಾನೂ ಹಿಡಿಯುತ್ತಿದ್ದೆನೋ ಇಲ್ಲವೋ.

"ಹೌದು," ಎಂದೆ. "ಅಳತೆ ಹೇಳು."

ಪುಸ್ತಕದಲ್ಲಿ ನಾನೇ ಬರೆದೆ. ಮೇಲಿನಿಂದ ಒಂದಡಿ ಎರಡಂಗುಲ, ಎಡದಿಂದ ಎರಡಡಿ. ಅವಳ ಚುಕ್ಕೆಯ ಹಾಳೆಯನ್ನು ನಾನು ಹೋದ ವಾರ ಬೋರ್ಡಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಬೇಡ ಸಾರ್, ಯಾಕೆ ಎಂದಿದ್ದಳು. ಇರಲಿ ಎಂದಿದ್ದೆ. ಇವತ್ತು ಹಸಿರು ಪೆನ್ನು ತಂದು ಅದರ ಮುಂದೆ ನಿಂತಳು, ನನ್ನ ಮುಖ ನೋಡಿದಳು. ಹಾಕು ಎಂದೆ. ಆ ಬರಿ ಜಾಗದ ನಡುವೆ ಒಂದು ಚುಕ್ಕೆ ಇಟ್ಟಳು. ಇಟ್ಟು ಪೆನ್ನು ಬೀಳಿಸಿದಳು.

ಹೊಟ್ಟೆಕಿಚ್ಚಾಯಿತು. ಖುಷಿಯೂ ಆಯಿತು, ಯಾವುದು ಜಾಸ್ತಿ ಎಂದು ಅಳೆಯಲು ಹೋಗಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ, ಒಂದೇ ಸಲ. ಅವಳು ಟಿ.ವಿ. ಸದ್ದು ತಗ್ಗಿಸಿ, ನನ್ನ ಎಡಗಡೆಯ ಕುರ್ಚಿಗೆ ಬಂದು ಕೂತು, "ಇನ್ನೊಂದ್ಸಲ ಹೇಳು," ಎಂದಳು.